ಎರಡು ಸಲ ಇಳಿಸಿದ ಡಿಫರೆನ್ಷಿಯಲ್

2023ರ ಡಿಸೆಂಬರ್ 2, ಶನಿವಾರ. ಮ್ಯೂನಿಕ್‌ನಲ್ಲಿ ರಾತ್ರಿಯೆಲ್ಲಾ ಹಿಮ ಸುರಿದು ವಿಮಾನ ನಿಲ್ದಾಣವನ್ನೇ ಮುಚ್ಚಿದ್ದರು. ನಮ್ಮ ಮನೆ ಹಿಂದಿನ ಅಂಗಳದಲ್ಲಿ ನನ್ನ 1987ರ ಬಿಎಂಡಬ್ಲ್ಯು 325ಐ ನಿಂತಿತ್ತು. ಹಿಮ ಬಳಿಯುವ ಗಾಡಿಗೆ ದಾರಿ ಬಿಡಬೇಕಿತ್ತು. ಅದಕ್ಕೆ ಕಾರನ್ನು ಗೇಟಿನ ಹತ್ತಿರದ ಶೆಡ್ಡಿಗೆ ಹಾಕೋಣ ಅಂತ ಸ್ಟಾರ್ಟ್ ಮಾಡಿದೆ. ಮಧ್ಯೆ ಇರುವುದು ಸಣ್ಣ ಏರು ಮಾತ್ರ. ಹಿಂದಿನ ಎಡ ಚಕ್ರ ನಾನು ಗುಡಿಸಿದ್ದ ಕಲ್ಲಿನ ಮೇಲಿತ್ತು. ಬಲ ಚಕ್ರ ಮಾಡಿನಿಂದ ನೀರು ತೊಟ್ಟಿಕ್ಕಿ ಗಟ್ಟಿಯಾಗಿದ್ದ ಮಂಜುಗಡ್ಡೆಯ ಮೇಲಿತ್ತು. ಮೆಲ್ಲಗೆ ಕ್ಲಚ್ ಬಿಟ್ಟೆ. ಬಲ ಚಕ್ರ ಗಿರ್ರನೆ ತಿರುಗಿತು. ಎಡ ಚಕ್ರ ಅಲ್ಲಾಡಲೂ ಇಲ್ಲ.

ಮೂರು ವಾರದ ಹಿಂದೆ ಅದೇ ಕಾರಿಗೆ ನಾನೇ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕಿದ್ದೆ. ಹೀಗೆ ಆಗಬಾರದು ಅಂತಲೇ ಹಾಕಿದ್ದು. ಡಿಫರೆನ್ಷಿಯಲ್ ಅಂದರೆ ಎಂಜಿನ್ನಿನ ಬಲವನ್ನು ಎರಡು ಹಿಂಚಕ್ರಗಳಿಗೆ ಹಂಚುತ್ತಾ, ತಿರುವಿನಲ್ಲಿ ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಪೆಟ್ಟಿಗೆ. ಕಾರಿನಿಂದ ಇಳಿದು ಆ ಎಡ ಚಕ್ರವನ್ನು ಎಷ್ಟೋ ಹೊತ್ತು ನೋಡುತ್ತಾ ನಿಂತೆ. ಆಮೇಲೆ ಚಕ್ರದ ಕೆಳಗೆ ಹಳೆ ಗೋಣಿತಾಟು ಹಾಕಿ, ಪಕ್ಕದ ಮನೆಯವರ ಕೈಲಿ ತಳ್ಳಿಸಿ ಶೆಡ್ಡಿಗೆ ಸೇರಿಸಿದೆ.

ಗದ್ದೆಯಲ್ಲಿ ಟ್ರ್ಯಾಕ್ಟರ್ ಓಡಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಚಕ್ರ ಕೆಸರಿನಲ್ಲಿ ಹೂತು ಸುಮ್ನೆ ತಿರುಗುತ್ತಾ ಇದ್ದರೆ ಡ್ರೈವರ್ ಹಿಮ್ಮಡಿ ಹತ್ತಿರದ ಡಿಫರೆನ್ಷಿಯಲ್ ಲಾಕ್ ಪೆಡಲ್ ತುಳಿಯುತ್ತಾನೆ. ಎರಡೂ ಚಕ್ರ ಒಂದೇ ಆಗಿ ತಿರುಗಿ ಗಾಡಿ ಮೇಲೆ ಬರುತ್ತದೆ. ಮಾಮೂಲಿ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಒಂದೇ ಸಮನಾದ ಬಲ ಕೊಡುತ್ತದೆ. ಕೇಳಲಿಕ್ಕೆ ಇದು ನ್ಯಾಯವೇ. ಆದರೆ ಮಂಜುಗಡ್ಡೆ ಮೇಲಿರುವ ಚಕ್ರ ತಡೆಯುವುದು ಚೂರೇ ಚೂರು ಬಲ. ಆಗ ಒಣ ನೆಲದ ಮೇಲಿರುವ ಚಕ್ರಕ್ಕೂ ಅಷ್ಟೇ ಚೂರು ಸಿಗುತ್ತದೆ. ಟ್ರ್ಯಾಕ್ಟರಿನ ಲಾಕ್ ಪೂರ್ತಿ ಕಟ್ಟಿಹಾಕುತ್ತದೆ, ಹಾಗಾಗಿ ಅದನ್ನು ಹಾಕಿಕೊಂಡು ತಿರುವು ತೆಗೆದುಕೊಳ್ಳಬಾರದು. ಲಿಮಿಟೆಡ್ ಸ್ಲಿಪ್ ಇವೆರಡರ ಮಧ್ಯದ್ದು. ಒಳಗೆ ಕ್ಲಚ್ ಪ್ಲೇಟುಗಳಿರುತ್ತವೆ. ತಿರುವಿನಲ್ಲಿ ಜಾರಲು ಬಿಡುತ್ತವೆ, ಒಂದೇ ಚಕ್ರ ಓಡಿಹೋಗಲು ಹೊರಟರೆ ಹಿಡಿಯುತ್ತವೆ.

ಇದರ ಬೇರು ಇರುವುದೂ ಈ ದೇಶದಲ್ಲೇ. 1930ರ ದಶಕದ ಆಟೋ ಯೂನಿಯನ್ ರೇಸ್ ಕಾರುಗಳಿಗೆ ಶಕ್ತಿ ಎಷ್ಟಿತ್ತೆಂದರೆ ಓಡುವಾಗಲೂ ಒಂದು ಹಿಂಚಕ್ರ ಸುತ್ತುತ್ತಿತ್ತಂತೆ. 1935ರಲ್ಲಿ, ಆ ಕಾರುಗಳ ವಿನ್ಯಾಸ ಮಾಡಿದ್ದ ಪೋರ್ಷೆ ಕಂಪನಿ ಇದಕ್ಕೊಂದು ಪರಿಹಾರ ಮಾಡಿಕೊಡಿ ಅಂತ ಗೇರ್ ತಯಾರಿಸುವ ಜೆಡ್‌ಎಫ್ ಕಂಪನಿಗೆ ಕೆಲಸ ಒಪ್ಪಿಸಿತು. ನನ್ನ ಕಾರಿಗೆ ಕೂರುವ ಪ್ಲೇಟಿನ ಡಿಫರೆನ್ಷಿಯಲ್ಲೂ ಜೆಡ್‌ಎಫ್‌ನದೇ. 1987ರಲ್ಲಿ ಕಾರು ಕೊಳ್ಳುವವರು ಜಾಸ್ತಿ ದುಡ್ಡು ಕೊಟ್ಟು ಬರೆಸಿದರೆ ಕಾರ್ಖಾನೆಯೇ ಹಾಕಿ ಕೊಡುತ್ತಿತ್ತು. ಆ ಆಯ್ಕೆಯ ಕೋಡ್ 209. ನನ್ನ ಕಾರಿನ ಮೊದಲ ಮಾಲೀಕರು ಬರೆಸಿರಲಿಲ್ಲ.

ನಾನು ಹುಡುಕಿದ್ದು ಹಳೆಯದನ್ನೇ. ಈ ಮಾದರಿಯ ಕಾರುಗಳಲ್ಲಿ ಎರಡು ಅಳತೆಯ ಡಿಫರೆನ್ಷಿಯಲ್ ಇವೆ. 318ಐ, 320ಐಗಳಲ್ಲಿ ಚಿಕ್ಕದು, 168 ಅಂತ ಕರೆಯುತ್ತಾರೆ. 325ಐಯಲ್ಲಿ ದೊಡ್ಡದು, 188. ಅದು ಕ್ರೌನ್, ಅಂದರೆ ಒಳಗಿನ ದೊಡ್ಡ ಹಲ್ಲಿನ ಚಕ್ರದ ಅಳತೆ, ಮಿಲಿಮೀಟರಿನಲ್ಲಿ. ಮೊದಲು ಇದನ್ನು ನೋಡಿಕೊಳ್ಳಬೇಕು. ಆಮೇಲೆ ರೇಷಿಯೋ, ಅಂದರೆ ಕ್ರೌನ್ ಒಂದು ಸುತ್ತು ಬರಲು ಅದನ್ನು ತಿರುಗಿಸುವ ಚಿಕ್ಕ ಗೇರು, ಪಿನಿಯನ್, ಎಷ್ಟು ಸುತ್ತಬೇಕು ಅನ್ನುವುದು. ಹಿಂಬದಿ ಮುಚ್ಚಳದ ಬೋಲ್ಟಿಗೆ ಒಂದು ಸಣ್ಣ ತಗಡು ಸಿಕ್ಕಿಸಿರುತ್ತಾರೆ. ನನ್ನ ಕಾರಿನದರಲ್ಲಿ 3.64 ಅಂತಿತ್ತು. ಕ್ರೌನಿಗೆ 40 ಹಲ್ಲು, ಪಿನಿಯನ್ನಿಗೆ 11. ನಾನು ಕೊಂಡದ್ದರ ತಗಡಿನಲ್ಲಿ 'ಎಸ್ 3.64'. ಆ ಎಸ್ ಅಂದರೆ ಜರ್ಮನ್ ಭಾಷೆಯ ಷ್ಪೆರೆ, ತಡೆ. ಅದೊಂದು ಅಕ್ಷರಕ್ಕೆ ನಾನು 800 ಯೂರೋ ಕೊಟ್ಟೆ.

ಮಾರಿದವರು ಬೆಂಚಿನ ಮೇಲೆ ಇಟ್ಟು ತೋರಿಸಿದ್ದರು. ಒಂದು ಕಡೆಯ ಫ್ಲೇಂಜ್, ಅಂದರೆ ಚಕ್ರಕ್ಕೆ ಹೋಗುವ ಶಾಫ್ಟನ್ನು ಬೋಲ್ಟ್ ಮಾಡುವ ದುಂಡು ತಟ್ಟೆ, ತಿರುಗಿಸಿದರೆ ಇನ್ನೊಂದು ಕಡೆಯದೂ ಅದೇ ದಿಕ್ಕಿಗೆ ತಿರುಗಿತು. ಮಾಮೂಲಿಯದಾದರೆ ಎದುರು ದಿಕ್ಕಿಗೆ ತಿರುಗುತ್ತದೆ. "ಲಾಕ್ ಚೆನ್ನಾಗಿದೆ, ಹಾಗೇ ಹಾಕಿ" ಅಂದರು. ನನಗೂ ಸರಿ ಅನ್ನಿಸಿತು. ಆದರೆ ಬೆಂಚಿನ ಮೇಲೆ ಎದುರಿನ ಫ್ಲೇಂಜಿಗೆ ಯಾವ ಹೊರೆಯೂ ಇರುವುದಿಲ್ಲ, ಅಲ್ವಾ? ಸವೆದು ಹೋದ ಪ್ಲೇಟಿನಲ್ಲೂ ಅದನ್ನು ಎಳೆದುಕೊಂಡು ಹೋಗುವಷ್ಟು ಅಂಟು ಉಳಿದಿರುತ್ತದೆ. ಇದು ನನಗೆ ಅಂದು ಹೊಳೆಯಲಿಲ್ಲ.

ಮೊದಲ ಸಲ ಇಳಿಸಿದ್ದು ನವೆಂಬರಿನಲ್ಲಿ. ಇಲ್ಲಿ ಮೀಟ್‌ವೆರ್ಕ್‌ಷ್ಟಾಟ್ ಅಂತ ಇರುತ್ತವೆ. ಗಂಟೆಗೆ ಇಷ್ಟು ಅಂತ ಬಾಡಿಗೆ ಕೊಟ್ಟರೆ ಲಿಫ್ಟು, ಪಾನಾ, ಗೇರ್‌ಬಾಕ್ಸ್ ಜ್ಯಾಕು ಎಲ್ಲ ಸಿಗುತ್ತದೆ. ಹಳೆ ಆಯಿಲ್ ಸುರಿಯಲು ಅಲ್ಲೇ ಡ್ರಮ್ ಇರುತ್ತದೆ. ಮೇಸ್ತ್ರಿಯೊಬ್ಬರು ಆಗಾಗ ಬಂದು ಕೆಳಗಿನಿಂದ ಕತ್ತೆತ್ತಿ ನೋಡಿ ಹೋಗುತ್ತಾರೆ. ಊರಿನ ಗ್ಯಾರೇಜಿನಲ್ಲಿ ಬೆಳೆದ ನನಗೆ ಆ ಜಾಗ ಬಹಳ ಹಿಡಿಸಿತು.

ಕೆಲಸ ದೊಡ್ಡದಲ್ಲ, ಆದರೆ ಪ್ರತಿ ಹೆಜ್ಜೆಗೂ ಒಂದು ಕಟ್ಟುಪಾಡಿದೆ. ಆಯಿಲ್ ಇಳಿಸುವ ಮೊದಲು ಮೇಲಿನ ತುಂಬುವ ಪ್ಲಗ್ ಬಿಚ್ಚಿ ನೋಡಬೇಕು. ಕೆಳಗಿನದು ಬಿಚ್ಚಿ ಆಯಿಲ್ ಎಲ್ಲ ಹೋದ ಮೇಲೆ ಮೇಲಿನದು ಬರಲಿಲ್ಲ ಅಂದರೆ ಕಾರು ಅಲ್ಲೇ ಉಳಿಯಿತು. 14 ಮಿಲಿಮೀಟರಿನ ಅಲೆನ್ ಕೀ ಬೇಕು. ಗೇರ್‌ಬಾಕ್ಸಿನಿಂದ ಬಲ ತರುವ ಪ್ರೊಪೆಲರ್ ಶಾಫ್ಟಿನ ಫ್ಲೇಂಜಿಗೂ ಡಿಫರೆನ್ಷಿಯಲ್ಲಿನ ಫ್ಲೇಂಜಿಗೂ ಬಿಳಿ ಪೇಂಟಿನಲ್ಲಿ ಒಂದೇ ಗೆರೆ ಎಳೆದುಕೊಂಡೆ. ಆಕ್ಸಲ್ ಶಾಫ್ಟಿನ ಬೋಲ್ಟುಗಳು ಒಂದೊಂದು ಕಡೆಗೆ ಆರು. ಅವುಗಳ ತಲೆಯ ಗುಂಡಿಯಲ್ಲಿ ಮೂವತ್ತೈದು ವರ್ಷದ ಗ್ರೀಸು ಮಣ್ಣು ಸೇರಿ ಕಲ್ಲಾಗಿತ್ತು. ದಬ್ಬಳದಿಂದ ಕೆರೆದು, ಕೀಯನ್ನು ಸುತ್ತಿಗೆಯಿಂದ ತಟ್ಟಿ ಕೂರಿಸಿದ ಮೇಲೆಯೇ ಬಲ ಹಾಕಿದೆ. ಆದರೂ ಒಂದರ ತಲೆ ಉರುಟಾಯಿತು. ಅದನ್ನು ಉಳಿಯಿಂದ ಓರೆಯಾಗಿ ಹೊಡೆದು ಬಿಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಬಿಡಿಸಿದ ಶಾಫ್ಟುಗಳನ್ನು ಜೋತು ಬೀಳಲು ಬಿಡದೆ ತಂತಿಯಲ್ಲಿ ಮೇಲಕ್ಕೆ ಕಟ್ಟಿದೆ, ಇಲ್ಲದಿದ್ದರೆ ಜಾಯಿಂಟಿಗೆ ಪೆಟ್ಟು. ಇನ್ನೊಂದು ವಿಷಯ ಈ ಕಾರನ್ನು ಮೊದಲ ಸಲ ಬಿಚ್ಚುವವರಿಗೆ ಗೊತ್ತಿರುವುದಿಲ್ಲ. ಸ್ಪೀಡೋಮೀಟರಿನ ಸೆನ್ಸರ್ ಇರುವುದು ಡಿಫರೆನ್ಷಿಯಲ್ಲಿನ ಹಿಂದಿನ ಮುಚ್ಚಳದಲ್ಲಿ. ಅದರ ಪ್ಲಾಸ್ಟಿಕ್ ಸಾಕೆಟ್ ಬಿಸ್ಕತ್ತಿನ ಹಾಗೆ ಆಗಿರುತ್ತದೆ. ಎಳೆಯುವ ಮೊದಲು ಹೇರ್ ಡ್ರೈಯರಿನಿಂದ ಸ್ವಲ್ಪ ಬೆಚ್ಚಗೆ ಮಾಡಿದರೆ ಮುರಿಯುವುದಿಲ್ಲ.

ಹೀಗೆ ಒಂದು ದಿನದಲ್ಲಿ ಹಳೆಯದು ಇಳಿಯಿತು, 'ಎಸ್' ತಗಡಿನದು ಏರಿತು. ಮೂವತ್ತು ಕಿಲೋಗೂ ಮೇಲಿನ ಎರಕದ ಕಬ್ಬಿಣ. ಹೊಸ ಆಯಿಲ್ 1.7 ಲೀಟರ್ ತುಂಬಿ, ತೂತಿನಿಂದ ಹೊರಗೆ ಹನಿಯಲು ಶುರುವಾದಾಗ ನಿಲ್ಲಿಸಿದೆ. ಮನೆಗೆ ಬರುವಾಗ ಎಷ್ಟು ಖುಷಿಯಾಗಿದ್ದೆ ಅಂದರೆ ಅರ್ಧ ಗಂಟೆಯ ದಾರಿಯನ್ನು ಒಂದೂವರೆ ಗಂಟೆ ಮಾಡಿಕೊಂಡು ಬಂದೆ.

ಮಂಜುಗಡ್ಡೆಯ ಮೇಲಿನ ಆ ಬೆಳಿಗ್ಗೆ ಬಂದದ್ದು ಇದಾದ ಮೇಲೆ.

ಹಿಮ ಕರಗಿದ ಮೇಲೆ ಸರಿಯಾದ ಪರೀಕ್ಷೆ ಮಾಡಿದೆ. ಗೇರ್ ನ್ಯೂಟ್ರಲ್. ಮುಂದಿನ ಎರಡೂ ಚಕ್ರ ಉರುಳದ ಹಾಗೆ ಅಡ್ಡಕಟ್ಟೆ ಇಟ್ಟೆ. ಹ್ಯಾಂಡ್‌ಬ್ರೇಕ್ ಬಿಟ್ಟು ಒಂದು ಹಿಂಚಕ್ರ ಮಾತ್ರ ಎತ್ತಿದೆ, ಇನ್ನೊಂದು ನೆಲದ ಮೇಲೆ. ಎತ್ತಿದ ಚಕ್ರದ ನಡುವಿನ ನಟ್ಟಿಗೆ ಟಾರ್ಕ್ ರಿಂಚ್, ಅಂದರೆ ತಿರುಗಿಸುವ ಬಲ ಅಳೆಯುವ ಪಾನಾ, ಹಾಕಿ ತಿರುಗಿಸಿದೆ. ಪ್ಲೇಟುಗಳು ಗಟ್ಟಿ ಇದ್ದರೆ ಬಲವಾಗಿ ಎಳೆಯಬೇಕು. 10 ನ್ಯೂಟನ್ ಮೀಟರ್ ಕೂಡ ಆಗುವ ಮೊದಲೇ ಚಕ್ರ ಸಲೀಸಾಗಿ ತಿರುಗಿಬಿಟ್ಟಿತು. ಒಂದು ಎಚ್ಚರ ಹೇಳಲೇಬೇಕು. ಲಿಮಿಟೆಡ್ ಸ್ಲಿಪ್ ಇರುವ ಕಾರಿನಲ್ಲಿ ಒಂದು ಚಕ್ರ ಎತ್ತಿ, ಎಂಜಿನ್ ಸ್ಟಾರ್ಟ್ ಮಾಡಿ ಗೇರ್ ಹಾಕಿ ನೋಡಲು ಹೋಗಬೇಡಿ. ನೆಲದ ಮೇಲಿರುವ ಚಕ್ರಕ್ಕೂ ಬಲ ಹೋಗಿ ಕಾರು ಜ್ಯಾಕಿನಿಂದ ಹಾರಿ ಮುಂದೆ ಹೋಗುತ್ತದೆ.

ಆ 10 ನ್ಯೂಟನ್ ಮೀಟರ್ ಏನು ಹೇಳುತ್ತದೆ ಅಂತ ಕೂತು ಲೆಕ್ಕ ಹಾಕಿದೆ. ಕಾರ್ಖಾನೆ ಇದನ್ನು 25% ಲಾಕ್ ಅನ್ನುತ್ತದೆ. ಎರಡು ಚಕ್ರಗಳ ಬಲದ ವ್ಯತ್ಯಾಸ ಒಟ್ಟು ಬಲದ ಕಾಲು ಭಾಗದವರೆಗೆ ಹೋಗಬಹುದು ಅಂತ ಅರ್ಥ. ನೂರು ಪಾಲಿನಲ್ಲಿ ಒಂದಕ್ಕೆ 62.5, ಇನ್ನೊಂದಕ್ಕೆ 37.5. ಅಂದರೆ ಹಿಡಿತ ಇರುವ ಚಕ್ರಕ್ಕೆ ಜಾರುವ ಚಕ್ರದ ಸುಮಾರು 1.67 ಪಟ್ಟು. ಒದ್ದೆ ರಸ್ತೆಯಲ್ಲಿ ಇದು ದೊಡ್ಡ ಲಾಭ. ಆದರೆ ಜಾರುವ ಚಕ್ರದ ಬಲ ಸೊನ್ನೆಯ ಹತ್ತಿರ ಬಂದರೆ ಅದರ 1.67 ಪಟ್ಟೂ ಸೊನ್ನೆಯ ಹತ್ತಿರವೇ. ಅಂಥ ಹೊತ್ತಿನಲ್ಲಿ ಕಾಪಾಡುವುದು ಪ್ರೀಲೋಡ್. ಯಾವ ಬಲ ಇಲ್ಲದಿದ್ದರೂ ಪ್ಲೇಟುಗಳನ್ನು ಸ್ಪ್ರಿಂಗ್ ಒಂದಕ್ಕೊಂದು ಅಮುಕಿ ಹಿಡಿದಿರುತ್ತದಲ್ಲ, ಅದು. ನನ್ನ ಡಿಫರೆನ್ಷಿಯಲ್‌ನಲ್ಲಿ ಸತ್ತಿದ್ದು ಅದೇ.

ಮತ್ತೆ ಇಳಿಸಲು ಮಾರ್ಚ್‌ವರೆಗೆ ಕಾದೆ. ಹೊಸ ಪ್ಲೇಟು, ಸ್ಪ್ರಿಂಗ್ ಪ್ಲೇಟು, ಸೀಲು, ಓ-ರಿಂಗು ತರಿಸಿಕೊಂಡೆ. ಪ್ಲೇಟುಗಳನ್ನು ಹೆಚ್ಚಿಸಿ ಲಾಕನ್ನು 40%ಗೆ ಏರಿಸುವ ಕಿಟ್ ಸಿಗುತ್ತದೆ. ರೇಸ್ ಟ್ರ್ಯಾಕಿಗೆ ಹೋಗುವವರಿಗೆ ಅದು ಸರಿ. ನಾನು ಬೇಡ ಅಂದೆ. ರಸ್ತೆಯ ಮೇಲೆ ಓಡುವ ಕಾರು, ಮಳೆಯಲ್ಲಿ ತಿರುವಿನ ಮಧ್ಯೆ ಹಿಂಬದಿ ಹೊರಗೆ ಹೋಗಬಾರದು. ಕಾರ್ಖಾನೆಯಿಂದ ಬಂದ ಹಾಗೇ ಇರಲಿ ಅನ್ನುವುದೂ ನನ್ನ ಆಸೆ.

ಈ ಸಲ ಜೊತೆಗೆ ಚಿಕ್ಕಪ್ಪ ಇದ್ದರು, ಫೋನಿನಲ್ಲಿ. ತಿಪಟೂರಿನಲ್ಲಿ ನಲವತ್ತು ವರ್ಷದಿಂದ ಲಾರಿ ಗ್ಯಾರೇಜು ನಡೆಸುತ್ತಾರೆ. ನಾನು ಚಿಕ್ಕವನಿದ್ದಾಗ ಅವರ ಗ್ಯಾರೇಜಿನಲ್ಲಿ ಸೀಮೆಎಣ್ಣೆ ತಟ್ಟೆಯಲ್ಲಿ ಬೇರಿಂಗ್ ತೊಳೆಯುವುದು ನನ್ನ ರಜೆಯ ಕೆಲಸ. ಫೋನನ್ನು ಟೂಲ್ ಟ್ರಾಲಿಗೆ ಒರಗಿಸಿ ನಿಲ್ಲಿಸಿದೆ.

"ಏನೋ ಮಗಾ, ಹೌಸಿಂಗ್ ಎರಡನೇ ಸಲ ಇಳಿಸಿದ್ಯಂತೆ?"

"ಹೌದು ಚಿಕ್ಕಪ್ಪ. ನೋಡಿ, ಈಗ ಹಿಂದಿನ ಮುಚ್ಚಳ ತೆಗೀತಿದೀನಿ."

"ಪಿನಿಯನ್ ನಟ್ ಮುಟ್ಟಿದ್ಯಾ?"

"ಇಲ್ಲ."

"ಮುಟ್ಬೇಡ. ಕ್ರೌನ್ ಪಿನಿಯನ್ ಗಂಡ ಹೆಂಡ್ತಿ ಇದ್ದಂಗೆ. ಹೊಂದ್ಕೊಂಡಿರೋದನ್ನ ಕೆದಕ್ಬಾರ್ದು."

ಅವರ ಮಾತಿಗೆ ಕಾರಣ ಇದೆ. ಕ್ರೌನ್, ಪಿನಿಯನ್ ಎರಡನ್ನೂ ಕಾರ್ಖಾನೆಯಲ್ಲಿ ಜೋಡಿಯಾಗಿಯೇ ಉಜ್ಜಿ ಹೊಂದಿಸಿರುತ್ತಾರೆ. ಪಿನಿಯನ್ ನಟ್ಟಿನ ಬಿಗಿತ ಒಳಗಿನ ಒಂದು ಕೊಳವೆಯನ್ನು ಅಮುಕಿ ಬೇರಿಂಗಿನ ಹಿಡಿತ ನಿಲ್ಲಿಸಿರುತ್ತದೆ. ಒಮ್ಮೆ ಸಡಿಲ ಮಾಡಿ ಸುಮ್ನೆ ಬಿಗಿದರೆ ಆ ಹಿಡಿತ ಹೋಯಿತು. ಪಿನಿಯನ್ ಸೀಲು ಒಣಗಿಯೇ ಇತ್ತು, ಹಾಗಾಗಿ ಅದರ ಹತ್ತಿರ ಹೋಗಲಿಲ್ಲ.

ಬಿಚ್ಚುವ ಮೊದಲೇ ಡಯಲ್ ಗೇಜ್ ಇಟ್ಟು ಕ್ರೌನಿನ ಬ್ಯಾಕ್‌ಲ್ಯಾಶ್, ಅಂದರೆ ಹಲ್ಲುಗಳ ನಡುವಿನ ಸಡಿಲ, ಅಳೆದು ಗೋಡೆಗೆ ಬರೆದೆ. ಅಕ್ಕಪಕ್ಕದ ಫ್ಲೇಂಜುಗಳನ್ನು ಎರಡು ಸಬ್ಬಲಿನಿಂದ ಒಟ್ಟಿಗೇ ಮೀಟಿದರೆ ಟಪ್ ಅಂತ ಹೊರಗೆ ಬರುತ್ತವೆ. ಆಮೇಲೆ ಎರಡು ಬದಿಯ ಬೇರಿಂಗ್ ಮುಚ್ಚಳ. ಅವುಗಳ ಕೆಳಗೆ ಕಾಗದದ ಹಾಗಿರುವ ಉಕ್ಕಿನ ಶಿಮ್ ಇರುತ್ತದೆ. ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ವಸ್ತು ಯಾವುದು ಅಂದರೆ ಈ ಶಿಮ್. ಕ್ರೌನ್ ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು ಕೂರಬೇಕು ಅಂತ ಹೇಳುವುದು ಅದು. ಎಡದ್ದು ಬಲಕ್ಕೆ ಹೋದರೆ ಹಲ್ಲು ಬಿಗಿಯಾಗುತ್ತದೆ, ಇಲ್ಲವೇ ಸಡಿಲವಾಗಿ ಊಳಿಡುತ್ತದೆ.

"ಎರಡು ತಟ್ಟೆ ಇಟ್ಕೊ. ಎಡಗಡೇದು ಎಡಗಡೆ ತಟ್ಟೆಗೆ. ಒಂದನ್ನ ಬಿಚ್ಚಿ ಕೆಳಗಿಡೋವರ್ಗೂ ಇನ್ನೊಂದು ಮುಟ್ಬೇಡ" ಅಂದರು ಚಿಕ್ಕಪ್ಪ. ಹಾಗೇ ಮಾಡಿದೆ. ತಟ್ಟೆಗಳಿಗೆ ಟೇಪ್ ಅಂಟಿಸಿ 'ಎಡ', 'ಬಲ' ಅಂತ ಕನ್ನಡದಲ್ಲಿ ಬರೆದೆ. ಮೇಸ್ತ್ರಿ ಬಂದು ಆ ಅಕ್ಷರ ಬೆರಳಿನಿಂದ ತೋರಿಸಿ ಯಾವ ಭಾಷೆ ಅಂತ ಕೇಳಿದರು. ಹೇಳಿದೆ. ಫೋನಿನೊಳಗಿದ್ದ ಚಿಕ್ಕಪ್ಪ ಅವರಿಗೆ ಕೈ ಮುಗಿದರು. ಅವರೂ ಕೈ ಎತ್ತಿದರು.

ನಡುವಿನ ಪೆಟ್ಟಿಗೆ ಹೊರಗೆ ಬಂದು, ಅದರ ಮುಚ್ಚಳ ತೆಗೆದಾಗ ಗೇರ್ ಆಯಿಲಿನ ಆ ಗಂಧಕದ ಘಾಟು ಮೂಗಿಗೆ ಹೊಡೆಯಿತು. ಒಂದೊಂದಾಗಿ ತೆಗೆದು ಬಿಳಿ ಬಟ್ಟೆಯ ಮೇಲೆ ಬಂದ ಕ್ರಮದಲ್ಲೇ ಜೋಡಿಸಿದೆ, ಪ್ರತಿಯೊಂದಕ್ಕೂ ಫೋಟೋ. ಹೊರ ಅಂಚಿನಲ್ಲಿ ಕಿವಿ ಇರುವ ಉಕ್ಕಿನ ಪ್ಲೇಟುಗಳು ಪೆಟ್ಟಿಗೆಯ ಒಳಗೋಡೆಯ ಸೀಳುಗಳಲ್ಲಿ ಕೂರುತ್ತವೆ. ಒಳ ಅಂಚಿನಲ್ಲಿ ಹಲ್ಲಿರುವ ಫ್ರಿಕ್ಷನ್ ಪ್ಲೇಟುಗಳು ಆಕ್ಸಲಿನ ಗೇರಿನ ಜೊತೆ ತಿರುಗುತ್ತವೆ. ನಡುವಿನ ಗೇರುಗಳ ಅಡ್ಡ ಪಿನ್ನು ಇಳಿಜಾರು ಕೊರೆದ ಎರಡು ಬಳೆಗಳ ಮಧ್ಯೆ ಇರುತ್ತದೆ. ಎಂಜಿನ್ ಬಲ ಬಂದಾಗ ಆ ಪಿನ್ನು ಇಳಿಜಾರು ಹತ್ತಿ ಬಳೆಗಳನ್ನು ಎರಡು ಕಡೆಗೂ ತಳ್ಳುತ್ತದೆ. ಬಳೆಗಳು ಪ್ಲೇಟನ್ನು ಅಮುಕುತ್ತವೆ. ಎಂಜಿನ್ ಎಷ್ಟು ಎಳೆದರೆ ಅಷ್ಟು ಬಿಗಿ. ಇಷ್ಟು ಸರಳವಾದ, ಇಷ್ಟು ಬುದ್ಧಿಯ ಕೆಲಸವನ್ನು ಕೈಯಲ್ಲಿ ಹಿಡಿದಾಗ ನಿಜಕ್ಕೂ ಮೈ ಜುಮ್ ಅಂದಿತು.

ಹಳೆಯ ಫ್ರಿಕ್ಷನ್ ಪ್ಲೇಟಿಗೂ ಹೊಸದಕ್ಕೂ ವ್ಯತ್ಯಾಸ ನೋಡಬೇಕಿತ್ತು. ಹೊಸದರ ಮೇಲೆ ಬೂದು ಬಣ್ಣದ ಲೇಪನ, ಉಗುರು ಎಳೆದರೆ ಒರಟು ತಾಗುತ್ತದೆ. ಹಳೆಯದು ಕನ್ನಡಿಯ ಹಾಗೆ. ಟ್ಯೂಬ್‌ಲೈಟ್ ಅದರಲ್ಲಿ ಗೆರೆಯಾಗಿ ಕಂಡಿತು. ಅಂಚಿನ ಹತ್ತಿರ ಕಾವಿಗೆ ನೀಲಿ ಬಂದ ಎರಡು ಕಲೆ. ಮೈಕ್ರೋಮೀಟರಿನಲ್ಲಿ ಅಳೆದರೆ ಹೊಸದಕ್ಕಿಂತ ಸುಮಾರು 0.1 ಮಿಲಿಮೀಟರ್ ಕಮ್ಮಿ, ನೋಟ್‌ಬುಕ್ಕಿನ ಒಂದು ಹಾಳೆಯಷ್ಟು. ಸ್ಪ್ರಿಂಗ್ ಪ್ಲೇಟನ್ನು ಗಾಜಿನ ಮೇಲೆ ಇಟ್ಟೆ. ಹೊಸದು ಊಟದ ತಟ್ಟೆ ಬೋರಲು ಹಾಕಿದ ಹಾಗೆ ನಡುವೆ ಉಬ್ಬಿ ನಿಲ್ಲುತ್ತದೆ. ಹಳೆಯದು ಗಾಜಿಗೆ ಅಂಟಿ ಮಲಗಿಬಿಟ್ಟಿತು. ಒಂದು ಹಾಳೆಯಷ್ಟು ಸವೆತ, ಒಂದು ತಟ್ಟೆಯ ಉಬ್ಬು ಇಳಿದದ್ದು. ಅಷ್ಟಕ್ಕೇ ಆ ಎಡ ಚಕ್ರ ಸುಮ್ಮನೆ ನಿಂತಿತ್ತು.

ಹೊಸ ಫ್ರಿಕ್ಷನ್ ಪ್ಲೇಟುಗಳನ್ನು ಹಿಂದಿನ ರಾತ್ರಿಯೇ ಆಯಿಲಿನಲ್ಲಿ ನೆನೆಹಾಕಿದ್ದೆ. ಬಟ್ಟೆಯ ಮೇಲಿನ ಸಾಲು ನೋಡಿಕೊಂಡು ಕೊನೆಯದರಿಂದ ಶುರುಮಾಡಿ ಜೋಡಿಸಿದೆ. ಎಡದ ತಟ್ಟೆಯ ಶಿಮ್ ಎಡಕ್ಕೆ, ಬಲದ್ದು ಬಲಕ್ಕೆ. ಹೊಸ ಓ-ರಿಂಗು, ಹೊಸ ಸೀಲು, ಸೀಲಿನ ತುಟಿಗೆ ಒಂದು ಬೆರಳು ಗ್ರೀಸು. ಡಯಲ್ ಗೇಜ್ ಇಟ್ಟಾಗ ಮುಳ್ಳು ಗೋಡೆಯ ಮೇಲೆ ಬರೆದಿದ್ದ ಅಂಕಿಗೇ ಬಂತು. ಕ್ರೌನಿನ ಹಲ್ಲಿಗೆ ಬಣ್ಣದ ಪೇಸ್ಟ್ ಬಳಿದು ತಿರುಗಿಸಿದರೆ ಅಚ್ಚು ಹಲ್ಲಿನ ನಡುವೆ ಬಿತ್ತು. ಅದನ್ನು ತೋರಿಸಿದಾಗ ಚಿಕ್ಕಪ್ಪ ಫೋನನ್ನು ಕಣ್ಣಿನ ಹತ್ತಿರ ತಂದುಕೊಂಡು ನೋಡಿದರು. "ಮುಚ್ಚು" ಅಂದರು ಅಷ್ಟೇ.

ಆಯಿಲಿನ ವಿಷಯದಲ್ಲಿ ಯಾರೂ ಉಳಿತಾಯ ಮಾಡಬಾರದು. ಪ್ಲೇಟಿನ ಡಿಫರೆನ್ಷಿಯಲ್ಲಿಗೆ ಫ್ರಿಕ್ಷನ್ ಮಾಡಿಫೈಯರ್ ಸೇರಿದ ಆಯಿಲೇ ಬೇಕು. ಮಾಮೂಲಿಯದು ಹಾಕಿದರೆ ನಿಧಾನದ ತಿರುವಿನಲ್ಲಿ ಪ್ಲೇಟುಗಳು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಕಟಕಟ ಅನ್ನುತ್ತವೆ. ಹಿಂದಿನ ಎರಡು ಟಯರೂ ಒಂದೇ ಅಳತೆ, ಒಂದೇ ಸವೆತದ್ದಿರಬೇಕು. ಒಂದು ಹೊಸದು ಒಂದು ಹಳೆಯದು ಇದ್ದರೆ ನೇರ ರಸ್ತೆಯಲ್ಲೂ ಪ್ಲೇಟುಗಳು ಉಜ್ಜುತ್ತಲೇ ಇರುತ್ತವೆ.

ಸಂಜೆ ಕಾರನ್ನು ಲಿಫ್ಟಿನಿಂದ ಇಳಿಸಿದ ಮೇಲೆ ಅದೇ ಪರೀಕ್ಷೆ. ಈ ಸಲ ರಿಂಚಿಗೆ ಮೈಭಾರ ಕೊಡಬೇಕಾಯಿತು. 50 ನ್ಯೂಟನ್ ಮೀಟರ್ ದಾಟಿದ ಮೇಲೆ ಚಕ್ರ ಬಿಟ್ಟುಕೊಟ್ಟಿತು, ಅದೂ ಬಿಗಿಯಾಗಿ, ಒಂದೇ ಸಮನೆ.

ಹೊಸ ಪ್ಲೇಟುಗಳು ಒಂದಕ್ಕೊಂದು ಹೊಂದಿಕೊಳ್ಳಬೇಕು. ಅದಕ್ಕೆ ಖಾಲಿ ಜಾಗದಲ್ಲಿ ನಿಧಾನವಾಗಿ ಎಂಟು ಹಾಕುತ್ತಾ ಓಡಿಸಬೇಕು. ನಮ್ಮೂರ ಆರ್‌ಟಿಓ ಮುಂದೆ ಲೈಸೆನ್ಸಿಗೆ ಬೈಕಿನಲ್ಲಿ ಎಂಟು ಹಾಕುತ್ತಾರಲ್ಲ, ಹಾಗೇ. ಭಾನುವಾರ ಬೆಳಿಗ್ಗೆ ಮುಚ್ಚಿದ್ದ ಅಂಗಡಿಯೊಂದರ ಪಾರ್ಕಿಂಗಿನಲ್ಲಿ ಇಪ್ಪತ್ತು ಎಂಟು ಹಾಕಿದೆ. ಮೊದಲ ಐದಾರಕ್ಕೆ ಹಿಂದಿನಿಂದ ಸಣ್ಣ ಗೊಣಗಾಟ ಕೇಳಿತು. ಹತ್ತರ ಹೊತ್ತಿಗೆ ನಿಂತಿತು.

500 ಕಿಲೋಮೀಟರ್ ಆದ ಮೇಲೆ ಆಯಿಲ್ ಬದಲಿಸಿದೆ. ಕೆಳಗಿನ ಪ್ಲಗ್ಗಿಗೆ ಈ ಸಲ ಅಯಸ್ಕಾಂತ ಇರುವುದನ್ನು ಹಾಕಿದ್ದೆ. ಬಿಚ್ಚಿ ನೋಡಿದರೆ ತುದಿಯಲ್ಲಿ ವಿಭೂತಿಯಷ್ಟು ನುಣ್ಣನೆಯ ಬೂದು ಪೇಸ್ಟು. ಬೆರಳಿನಲ್ಲಿ ತಿಕ್ಕಿದೆ. ಒಂದು ಚೂರೂ ಚುಚ್ಚಲಿಲ್ಲ. ಫೋಟೋ ತೆಗೆದು ಚಿಕ್ಕಪ್ಪನಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ವಾಯ್ಸ್ ಮೆಸೇಜ್ ಬಂತು. ಹಿಂದೆ ಯಾವುದೋ ಲಾರಿಯ ಎಂಜಿನ್ ಸದ್ದು. "ಕೂತ್ಕೊಂಡೈತೆ ಮಗಾ. ಪ್ಲಗ್ ಒರೆಸಿ ಹಾಕ್ಬಿಡು."